ಸಾಕವ್ವನ ಹುಂಜ ಹುಡುಕುವವರು ಯಾರು?

ಪತ್ತೇದಾರಿ ಕಾದಂಬರಿ ಕೈಗೆತ್ತಿಕೊಂಡ ಓದುಗರಿಗೆ ಇರುವುದು ಒಂದೇ ಕುತೂಹಲ: ಕೊಂದವರು ಯಾರು? ಆದರೆ ಈ ಪ್ರಶ್ನೆಗೂ ಮೊದಲು ಬರಬೇಕಾದ ಇನ್ನೊಂದು ಪ್ರಶ್ನೆಗೆ ಕಾದಂಬರಿ ಸದ್ದಿಲ್ಲದೆ ಉತ್ತರ ಕೊಟ್ಟು ಮುಂದೆ ಹೋಗಿರುತ್ತದೆ. ಯಾರು ಸತ್ತರೆ ಪತ್ತೇದಾರ ಬರುತ್ತಾನೆ? ಯಾರ ಮನೆಯ ಒಡವೆ ಕಳೆದರೆ ಬಾಗಿಲಲ್ಲಿ ಜೀಪು ನಿಲ್ಲುತ್ತದೆ? ಬಂಗಲೆಯ ಜಮೀನ್ದಾರನೋ, ವಾರಸುದಾರಳಾದ ಚೆಲುವೆಯೋ ಸತ್ತಾಗ ತನಿಖೆ ನಡೆಯುವುದು ನಮಗೆ ಎಷ್ಟು ಸಹಜವೆನ್ನಿಸುತ್ತದೆಂದರೆ, ತನಿಖೆಯೂ ಒಂದು ಗೌರವ, ಅದು ಎಲ್ಲರಿಗೂ ಸಮನಾಗಿ ಸಿಗುವುದಿಲ್ಲ ಎಂಬುದು ಹೊಳೆಯುವುದೇ ಇಲ್ಲ.

ಅಮೆರಿಕದ ರೇಮಂಡ್ ಚಾಂಡ್ಲರ್ 1940ರಲ್ಲಿ ಪ್ರಕಟಿಸಿದ ‘ಫೇರ್‌ವೆಲ್, ಮೈ ಲವ್ಲಿ’ ಕಾದಂಬರಿಯ ಮೊದಲ ಕೊಲೆ ನಡೆಯುವುದು ಲಾಸ್ ಏಂಜಲೀಸಿನ ಕಪ್ಪುಜನರ ಬೀದಿಯೊಂದರ ಬಾರಿನಲ್ಲಿ. ಜೈಲಿನಿಂದ ಬಿಡುಗಡೆಯಾಗಿ ಬಂದ ದೈತ್ಯದೇಹದ ಬಿಳಿಯನೊಬ್ಬ ತನ್ನ ಹಳೆಯ ಗೆಳತಿಯನ್ನು ಹುಡುಕಿಕೊಂಡು ಬಂದು, ಬಾರಿನ ಕಪ್ಪು ಮ್ಯಾನೇಜರನನ್ನು ಕೊಂದು ಹೋಗುತ್ತಾನೆ. ಪತ್ತೇದಾರ ಮಾರ್ಲೋ ಆಗ ಅಲ್ಲೇ ಇರುತ್ತಾನೆ. ಪ್ರಕರಣ ಹೆಗಲಿಗೆ ಬಿದ್ದ ಪೊಲೀಸ್ ಅಧಿಕಾರಿಗೆ ಅದೊಂದು ಕಿರಿಕಿರಿ; ಇಂಥ ಕೊಲೆಯನ್ನು ಪತ್ತೆಹಚ್ಚಿದರೂ ಪೇಪರಿನಲ್ಲಿ ತನ್ನ ಹೆಸರು ಬರುವುದಿಲ್ಲವೆಂಬ ಕೊರಗು. ಮುಂದೆ ಕಥೆ ಬಿಳಿಯರ ಬಂಗಲೆಗಳಿಗೆ, ಕಳೆದುಹೋದ ಹರಳಿನ ಹಾರಕ್ಕೆ, ಬೇರೆ ಸಾವುಗಳಿಗೆ ಹೊರಳುತ್ತದೆ. ಮೊದಲು ಸತ್ತವನು ಕಥೆ ಶುರುವಾಗಲು ನೆಪವಾದನೇ ಹೊರತು ಅವನಿಗಾಗಿ ಯಾರೂ ದುಃಖಪಟ್ಟಂತೆ ಕಾಣುವುದಿಲ್ಲ. ಚಾಂಡ್ಲರ್ ಇದನ್ನು ತಿಳಿದೇ ಬರೆದನೆಂದು ನನಗನ್ನಿಸುತ್ತದೆ. ಆದರೆ ತಿಳಿದಿದ್ದೂ ಅವನ ಪತ್ತೇದಾರ ಆ ಬೀದಿಗಾಗಿ ಮರಳಿ ಬರುವುದಿಲ್ಲ.

ಇದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದ ಕೃತಿಯನ್ನು ನಾವು ಪತ್ತೇದಾರಿ ಸಾಹಿತ್ಯದ ಕಪಾಟಿನಲ್ಲಿ ಇಡುವುದಿಲ್ಲ. ದೇವನೂರ ಮಹಾದೇವ ಅವರ ‘ಒಡಲಾಳ’ದಲ್ಲಿ ಎರಡು ವಸ್ತುಗಳು ಕಾಣೆಯಾಗುತ್ತವೆ. ಒಂದು ಸಾಕವ್ವನ ಹುಂಜ. ಇನ್ನೊಂದು ಎತ್ತಪ್ಪ ಸಾಹುಕಾರನ ಕಡಲೆಕಾಯಿ ಮೂಟೆ. ಮೂಟೆ ಸಾಕವ್ವನ ಮನೆ ಸೇರಿದೆ. ರಾತ್ರಿಯಿಡೀ ಮನೆಮಂದಿಯೆಲ್ಲ ಕೂತು ಅದನ್ನು ತಿನ್ನುತ್ತಾರೆ. ಬೆಳಗಾದರೆ ಮೂಟೆ ಹುಡುಕಿಕೊಂಡು ಪೊಲೀಸರು ಬರುತ್ತಾರೆ. ಹುಂಜವನ್ನು ಹುಡುಕಲು ಮಾತ್ರ ಯಾರೂ ಇಲ್ಲ. ಸಾಕವ್ವ ಒಬ್ಬಳೇ ಊರೆಲ್ಲ ತಿರುಗುತ್ತ, ಬಯ್ಯುತ್ತ, ಶಾಪ ಹಾಕುತ್ತ ಅಲೆಯುತ್ತಾಳೆ. ನನ್ನ ಪಾಲಿಗೆ ಒಡಲಾಳ ತಪಾಸಣೆಗೊಳಗಾದ ಮನೆಯ ಒಳಗಿನಿಂದ ಬರೆದ ಪತ್ತೇದಾರಿ ಕಥೆ. ಅದು ಎರಡು ಬಗೆಯ ಹುಡುಕಾಟಗಳನ್ನು ಒಂದೇ ಗುಡಿಸಲಿನಲ್ಲಿ ಎದುರುಬದುರು ನಿಲ್ಲಿಸುತ್ತದೆ. ಕೇರಿಯವರನ್ನು ಹುಡುಕುವುದು ಒಂದು, ಕೇರಿಯವರಿಗಾಗಿ ಹುಡುಕುವುದು ಇನ್ನೊಂದು. ಈ ಪ್ರಬಂಧದಲ್ಲಿ ನಾನು ಯೋಚಿಸಲು ಹೊರಟಿರುವುದು ಈ ಎರಡರ ನಡುವಿನ ವ್ಯತ್ಯಾಸವನ್ನು. ಎರಡೂ ಕೆಲಸವನ್ನು ಒಬ್ಬನೇ ಮಾಡಬೇಕಾಗಿ ಬಂದಾಗ, ಅದೂ ಆತ ಅದೇ ಕೇರಿಯವನಾದಾಗ, ಅವನ ನಿಷ್ಠೆ ಯಾರಿಗೆ ಸಲ್ಲಬೇಕು?

ನಾನು ಅಂಕೋಲೆಯವನು. ನಮ್ಮ ಕಡೆ ‘ಕೇರಿ’ ಎಂಬ ಮಾತಿಗೆ ಬಯಲುಸೀಮೆಯಲ್ಲಿರುವ ಅರ್ಥ ಪೂರ್ತಿ ಹೊಂದುವುದಿಲ್ಲ. ಕರಾವಳಿಯಲ್ಲಿ ಎಲ್ಲ ಜಾತಿಗೂ ಒಂದೊಂದು ಕೇರಿಯುಂಟು. ಬ್ರಾಹ್ಮಣರಿಗೊಂದು, ಅಂಬಿಗರಿಗೊಂದು, ಖಾರ್ವಿಯವರಿಗೊಂದು; ಹಾಲಕ್ಕಿಗಳ ಕೊಪ್ಪ ಬೇರೆ. ಬಂದರಿರುವ ಊರಿನ ಹೆಸರೇ ಬೇಲೆಕೇರಿ. ಹೀಗಾಗಿ ನಮ್ಮಲ್ಲಿ ಪ್ರತ್ಯೇಕತೆ ಅಂತೇನೂ ಇಲ್ಲ, ಎಲ್ಲರೂ ಅವರವರ ಕೇರಿಯಲ್ಲಿ ಇದ್ದಾರೆ ಎಂದು ಹೇಳುವವರನ್ನು ಬಾಲ್ಯದಿಂದ ಕೇಳಿದ್ದೇನೆ. ಆದರೆ ಯಾವ ಕೇರಿಯವರು ಯಾವ ಕೇರಿಯ ಮನೆಗೆ ಮುಂಬಾಗಿಲಿನಿಂದ ಹೋಗುತ್ತಾರೆ, ಯಾರು ಹಿತ್ತಿಲಿನಿಂದ ಹೋಗುತ್ತಾರೆ ಎಂದು ನೋಡಿದರೆ ಗೆರೆ ಎಲ್ಲಿದೆ ಎಂಬುದು ತಿಳಿದುಹೋಗುತ್ತದೆ. ನಮ್ಮದು ಹಿತ್ತಿಲಿನಿಂದ ಹೋಗುವವರ ಕೇರಿ. ನಮ್ಮವರ ಬಾಯಲ್ಲಿ ‘ಕಾರವಾರಕ್ಕೆ ಹೋಗುವುದು’ ಎಂದರೆ ಸಮುದ್ರ ನೋಡಲು ಹೋಗುವುದಲ್ಲ. ಅದು ಜಿಲ್ಲಾ ಕೋರ್ಟಿಗೋ, ಡಿಸಿ ಆಫೀಸಿಗೋ ಹೋಗುವುದು. ಬಸ್ಸಿನಲ್ಲಿ ಒಂದು ತಾಸಿನ ದಾರಿ. ಕೆಲವರ ಪಾಲಿಗೆ ಅದು ಹತ್ತು ವರ್ಷ ಹಿಡಿಯುತ್ತದೆ.

ಪಿಎಚ್‌ಡಿಗೆ ಪತ್ತೇದಾರಿ ಸಾಹಿತ್ಯವನ್ನು ಆರಿಸಿಕೊಂಡೆ ಎಂದಾಗ ಹಲವರು ಹುಬ್ಬೇರಿಸಿದರು. ಜನಪ್ರಿಯ ಸಾಹಿತ್ಯವೆಂದರೆ ಇನ್ನೂ ಒಂದು ಸಣ್ಣ ನಗು ಇದೆ. ಆದರೆ ಐವತ್ತರ ದಶಕದಿಂದ ಕನ್ನಡದಲ್ಲಿ ಓದುಗರ ಒಂದು ದೊಡ್ಡ ಸಮೂಹವನ್ನೇ ಕಟ್ಟಿದವರು ಎನ್. ನರಸಿಂಹಯ್ಯ. ಅವರು ಶಾಲೆ ಕಲಿತದ್ದು ಪ್ರಾಥಮಿಕ ಹಂತದವರೆಗೆ ಮಾತ್ರ. ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮ ಒಂದು ಕಾಲಕ್ಕೆ ಮನೆಮಾತು. ಕಾದಂಬರಿಗಳನ್ನು ಬಾಡಿಗೆಗೆ ತಂದು, ಒಂದೇ ರಾತ್ರಿಯಲ್ಲಿ ಓದಿ ಮುಗಿಸಿ, ಬೆಳಿಗ್ಗೆ ವಾಪಸು ಕೊಡುತ್ತಿದ್ದವರು ನಮ್ಮ ಕೇರಿಯಲ್ಲೂ ಇದ್ದರು. ಆ ಕಾದಂಬರಿಗಳಲ್ಲಿ ನಾನು ಓದಿದಷ್ಟರಲ್ಲಿ ಪತ್ತೇದಾರನಿಗೆ ಜಾತಿ ಒಂದು ತೊಡಕಾಗಿ ಎದುರಾಗುವುದಿಲ್ಲ. ಅವನು ಯಾವ ಮನೆಯ ಬಾಗಿಲು ತಟ್ಟಿದರೂ ಬಾಗಿಲು ತೆರೆಯುತ್ತದೆ. ಒಳಗೆ ಕರೆದು ಕಾಫಿ ಕೊಡುತ್ತಾರೆ. ಇದನ್ನು ದೋಷವೆಂದು ಹೇಳುತ್ತಿಲ್ಲ. ಎಲ್ಲ ಬಾಗಿಲೂ ತೆರೆಯುವ ಒಬ್ಬ ಮನುಷ್ಯನನ್ನು ಕಲ್ಪಿಸಿಕೊಳ್ಳುವುದೂ ಒಂದು ಬಿಡುಗಡೆಯೇ, ಅದರಲ್ಲೂ ಹಿತ್ತಿಲಿನಲ್ಲಿ ನಿಂತವರಿಗೆ. ಆದರೆ ಬಾಗಿಲು ತೆರೆಯದ ಪತ್ತೇದಾರ ಹೇಗಿರುತ್ತಾನೆ ಎಂಬ ಪ್ರಶ್ನೆ ನನ್ನನ್ನು ಹಾರ್ಲೆಮ್‌ವರೆಗೆ ಕರೆದೊಯ್ದಿತು.

ಹಾರ್ಲೆಮ್ ನ್ಯೂಯಾರ್ಕಿನ ಕಪ್ಪುಜನರ ಪೇಟೆ. ಅಲ್ಲಿಯ ಪತ್ತೇದಾರಿ ಕಥೆಗೂ ಒಂದು ಪರಂಪರೆಯಿದೆ. ವೈದ್ಯರಾಗಿದ್ದ ರುಡಾಲ್ಫ್ ಫಿಶರ್ 1932ರಲ್ಲೇ, ಕೊಲೆಯಾದವರು, ಶಂಕಿತರು, ತನಿಖೆ ಮಾಡುವವರು ಎಲ್ಲರೂ ಕಪ್ಪುಜನರೇ ಆಗಿರುವ ಕಾದಂಬರಿ ಬರೆದಿದ್ದರು. ಆದರೆ ಆ ಪೇಟೆಯನ್ನು ಜಗತ್ತಿನ ಪತ್ತೇದಾರಿ ಸಾಹಿತ್ಯದಲ್ಲಿ ಅಳಿಸಲಾಗದಂತೆ ಬರೆದವರು ಚೆಸ್ಟರ್ ಹೈಮ್ಸ್. 1909ರಲ್ಲಿ ಹುಟ್ಟಿದ ಹೈಮ್ಸ್ ಹತ್ತೊಂಬತ್ತನೆಯ ವಯಸ್ಸಿಗೆ ಸಶಸ್ತ್ರ ದರೋಡೆಗಾಗಿ ಓಹಾಯೋ ಜೈಲು ಸೇರಿದರು. ಸೆರೆಮನೆಯಲ್ಲೇ ಬರೆಯಲು ಕಲಿತರು, 1936ರಲ್ಲಿ ಹೊರಬಂದರು. ಗಂಭೀರ ಕಾದಂಬರಿಗಳನ್ನು ಬರೆದೂ ತಾಯ್ನಾಡಿನಲ್ಲಿ ನೆಲೆ ಸಿಗದೆ 1953ರಲ್ಲಿ ಯುರೋಪಿಗೆ ಹೋದರು. ಪ್ಯಾರಿಸ್ಸಿನಲ್ಲಿ ಪತ್ತೇದಾರಿ ಮಾಲಿಕೆಯೊಂದರ ಸಂಪಾದಕರಾಗಿದ್ದ ಮಾರ್ಸೆಲ್ ದ್ಯುಹಾಮೆಲ್ ಒತ್ತಾಯಿಸಿದ ಮೇಲೆ ಹಾರ್ಲೆಮ್ ಕಥೆಗಳನ್ನು ಬರೆಯತೊಡಗಿದರು. ಆ ಸಾಲಿನ ಮೊದಲ ಕಾದಂಬರಿಗೆ 1958ರಲ್ಲಿ ಫ್ರಾನ್ಸಿನ ಪತ್ತೇದಾರಿ ಸಾಹಿತ್ಯದ ದೊಡ್ಡ ಬಹುಮಾನ ಬಂತು. ಅಮೆರಿಕದ ಕೇರಿಯ ಕಥೆಗೆ ಮೊದಲ ಮನ್ನಣೆ ಸಿಕ್ಕಿದ್ದು ಸಮುದ್ರದಾಚೆ.

ಹೈಮ್ಸ್‌ನ ಪತ್ತೇದಾರರು ಇಬ್ಬರು: ಕಾಫಿನ್ ಎಡ್ ಜಾನ್ಸನ್ ಮತ್ತು ಗ್ರೇವ್ ಡಿಗ್ಗರ್ ಜೋನ್ಸ್. ಶವಪೆಟ್ಟಿಗೆ ಎಡ್, ಗೋರಿ ತೋಡುವ ಜೋನ್ಸ್ ಎಂದು ಕರೆಯಬಹುದು. ಇಬ್ಬರೂ ಪೊಲೀಸರು, ಇಬ್ಬರೂ ಕಪ್ಪುಜನ, ಕೆಲಸ ಮಾಡುವುದು ಹಾರ್ಲೆಮ್‌ನಲ್ಲಿ. ಮೇಲಧಿಕಾರಿಗಳು ಬಿಳಿಯರು. ಮೊದಲ ಕಾದಂಬರಿಯಲ್ಲೇ ಎಡ್‌ನ ಮುಖಕ್ಕೆ ಆಸಿಡ್ ಬೀಳುತ್ತದೆ. ಆ ಸುಟ್ಟ ಮುಖ ಹೊತ್ತುಕೊಂಡೇ ಅವನು ಉಳಿದ ಕಾದಂಬರಿಗಳಲ್ಲಿ ತಿರುಗುತ್ತಾನೆ. ಜನ ಅವರಿಗೆ ಹೆದರುತ್ತಾರೆ, ಬಯ್ಯುತ್ತಾರೆ, ಕಷ್ಟ ಬಂದಾಗ ಅವರ ಬಳಿಗೇ ಓಡುತ್ತಾರೆ. ಠಾಣೆಯಲ್ಲಿ ಅವರು ಹಾರ್ಲೆಮ್‌ನವರು. ಹಾರ್ಲೆಮ್‌ನಲ್ಲಿ ಅವರು ಠಾಣೆಯವರು.

ಈ ಸಾಲನ್ನು ನಾನು ಮೊದಲು ಕೇಳಿದ್ದು ಹೈಮ್ಸ್‌ನಿಂದಲ್ಲ. ನನ್ನ ದೊಡ್ಡಮ್ಮನ ಮಗ ಪೊಲೀಸ್ ಕಾನ್‌ಸ್ಟೇಬಲ್. ಅವನಿಗೆ ನೌಕರಿಯಾದಾಗ ಕೇರಿಯವರೆಲ್ಲ ಸೇರಿ ಪೇಡೆ ಹಂಚಿದ್ದರು. ಇನ್ನು ನಮ್ಮವರನ್ನು ಸುಮ್ಮನೆ ಎಳೆದುಕೊಂಡು ಹೋಗುವ ಧೈರ್ಯ ಯಾರಿಗೂ ಇಲ್ಲ ಎಂದು ಅಜ್ಜಿಯೊಬ್ಬರು ಅವನ ತಲೆ ನೇವರಿಸಿದ್ದರು. ಎರಡು ವರ್ಷ ಕಳೆಯುವುದರಲ್ಲಿ ಅವನು ರಜೆಗೆ ಬಂದರೆ ಜಗಲಿಯ ಮಾತು ತಗ್ಗುತ್ತಿತ್ತು. ಯಾರ ಮಗ ಏನು ಮಾಡಿದ, ಯಾರು ಎಲ್ಲಿ ಸಾರಾಯಿ ಇಟ್ಟಿದ್ದಾರೆ ಎಂಬ ಮಾತು ಅವನ ಎದುರು ಬರುತ್ತಿರಲಿಲ್ಲ. ಅತ್ತ ಠಾಣೆಯಲ್ಲಿ ಕೇರಿಯ ಕಡೆಯ ಜಗಳವಾದರೆ ಇವನನ್ನೇ ಮುಂದೆ ಕಳಿಸುತ್ತಿದ್ದರಂತೆ. ನಿಮ್ಮ ಜನ, ನಿಮ್ಮ ಮಾತು ಕೇಳುತ್ತಾರೆ ಎಂದು. ‘ಠಾಣೆಲಿ ನಾ ಕೇರಿಯಂವ, ಕೇರಿಗೆ ಬಂದ್ರೆ ನಾ ಪೊಲೀಸ್’ ಎಂದು ಒಮ್ಮೆ ನಗುತ್ತಲೇ ಹೇಳಿದ. ಅಣ್ಣ ಹೇಳಿದ ಆ ಮಾತು ನನ್ನ ಸಂಶೋಧನೆಯ ವಿಷಯವಾಯಿತು. ಅವನು ಮಾಡುತ್ತಿರುವುದು ದ್ರೋಹವೇ, ರಕ್ಷಣೆಯೇ?

ದ್ರೋಹ ಎನ್ನುವವರ ವಾದವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆ ವಾದದ ಹಿಂದೆ ಇತಿಹಾಸವಿದೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಮಾಡಿತು. ನಮ್ಮ ಉತ್ತರ ಕನ್ನಡವೂ ಸೇರಿದ್ದ ಮುಂಬೈ ಪ್ರಾಂತ್ಯದಲ್ಲಿ ಅಂಥವರಿಗಾಗಿ ಹುಬ್ಬಳ್ಳಿ, ಗದಗಗಳಲ್ಲಿ ವಸಾಹತುಗಳಿದ್ದವು. ಆ ಜಾಗಗಳನ್ನು ಜನ ಇಂದಿಗೂ ‘ಸೆಟ್ಲಮೆಂಟ್’ ಎಂದೇ ಕರೆಯುತ್ತಾರೆ. ಒಳಗಿರುವವರು ಹಾಜರಿ ಕೊಡಬೇಕು. ಹೊರಗೆ ಹೋಗಲು ಪರವಾನಗಿ ಬೇಕು. ಕಾಯ್ದೆ 1952ರಲ್ಲಿ ರದ್ದಾಯಿತು. ಅದರ ಜಾಗದಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ಎಂಬತ್ತು ವರ್ಷ ಈ ಜನರನ್ನು ಸರ್ಕಾರ ಹುಡುಕಿದಷ್ಟು ಇನ್ನಾರನ್ನೂ ಹುಡುಕಿರಲಿಕ್ಕಿಲ್ಲ. ಅವರ ಹೆಸರು, ಬೆರಳಚ್ಚು, ಮಲಗುವ ಜಾಗ ಎಲ್ಲವೂ ಕಡತದಲ್ಲಿ ಇದ್ದವು. ಇಷ್ಟೆಲ್ಲ ಗಮನದ ನಡುವೆ ಅವರಲ್ಲಿ ಒಬ್ಬರ ಕೋಳಿ ಕಳೆದರೆ ಹುಡುಕುವವರು ಇದ್ದರೇ? ಅತಿಯಾದ ಕಣ್ಗಾವಲು ಮತ್ತು ಪೂರ್ಣ ಉಪೇಕ್ಷೆ ಒಂದೇ ಜನರ ಮೇಲೆ ಒಟ್ಟಿಗೆ ಬೀಳಬಹುದು ಎಂಬುದನ್ನು ಸೆಟ್ಲಮೆಂಟ್ ತೋರಿಸುತ್ತದೆ. ಇಂಥ ವ್ಯವಸ್ಥೆಗೆ ಕೇರಿಯವನೊಬ್ಬ ಕೈಯಾಳಾಗುವುದೆಂದರೆ ಹುಡುಕುವ ಕಣ್ಣಿಗೆ ಒಳಗಿನ ದಾರಿ ತೋರಿಸುವುದಲ್ಲವೇ?

ಹಾರ್ಲೆಮ್ ಯಾಕೆ, ನಮ್ಮ ಜಿಲ್ಲೆಯ ಬಗ್ಗೆ ಬರೆಯಬಾರದೇ ಎಂದು ಕೇಳುವವರಿಗೆ ನಾನು ಸಿದ್ದಿಗಳನ್ನು ನೆನಪಿಸುತ್ತೇನೆ. ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಕಾಡಂಚಿನಲ್ಲಿ ಬದುಕುವ ಸಿದ್ದಿಗಳ ಹಿರಿಯರು ಆಫ್ರಿಕದಿಂದ ಗುಲಾಮರಾಗಿ ಬಂದವರು. ಗೋವೆಯಿಂದ ತಪ್ಪಿಸಿಕೊಂಡವರು, ಬಿಡುಗಡೆ ಪಡೆದವರು ಈ ಕಾಡು ಸೇರಿದರು. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು. ಎಂಬತ್ತರ ದಶಕದಲ್ಲಿ ಮಂಚಿಕೇರಿಯ ಸಿದ್ದಿ ಕಲಾವಿದರು ಚಿದಂಬರರಾವ್ ಜಂಬೆ ಅವರ ನಿರ್ದೇಶನದಲ್ಲಿ ಚಿನುವ ಅಚಿಬೆಯ ಕಾದಂಬರಿಯನ್ನು ಕನ್ನಡದಲ್ಲಿ ಆಡಿದ್ದರು. ಬಣ್ಣ ಮತ್ತು ಜಾತಿ ಒಂದೇ ಅಲ್ಲ. ಹಾರ್ಲೆಮ್‌ನ ಬೀದಿಯನ್ನು ತಂದು ನಮ್ಮ ಕಾಡಂಚಿನಲ್ಲಿ ಹಾಸಲಾಗದು. ಆದರೆ ಓಡಿಹೋದ ಗುಲಾಮನನ್ನು ಹುಡುಕುವವನು ಅವನನ್ನು ಕಳೆದುಹೋದ ಮಾಲೆಂದು ಹುಡುಕುತ್ತಾನೆ, ಮನುಷ್ಯನೆಂದಲ್ಲ. ಹುಡುಕಾಟದ ಈ ಮೂಲ ನೆನಪು ಎರಡೂ ಕಡೆ ಇದೆ. ಖಾಕಿ ಕಂಡಾಗ ಮಾತು ತಗ್ಗಿಸುವ ಜನರನ್ನು ಅಪರಾಧಿಗಳೆಂದು ತಿಳಿಯುವ ಮೊದಲು ಆ ನೆನಪನ್ನು ಗಮನಕ್ಕೆ ತಂದುಕೊಳ್ಳಬೇಕು.

ಇನ್ನು ರಕ್ಷಣೆಯ ವಾದ. ಹೈಮ್ಸ್‌ನ ‘ಕಾಟನ್ ಕಮ್ಸ್ ಟು ಹಾರ್ಲೆಮ್’ 1965ರದು. ಅದರಲ್ಲಿ ಕಪಟ ಪಾದ್ರಿಯೊಬ್ಬ ಆಫ್ರಿಕಕ್ಕೆ ಮರಳಿ ಕರೆದೊಯ್ಯುವುದಾಗಿ ನಂಬಿಸಿ 87 ಕುಟುಂಬಗಳಿಂದ ತಲಾ ಸಾವಿರದಂತೆ 87,000 ಡಾಲರ್ ಸಂಗ್ರಹಿಸುತ್ತಾನೆ. ಆ ಹಣ ಬಿಳಿಯರ ಗುಂಪಿನ ದರೋಡೆಗೆ ಸಿಕ್ಕಿ, ಹತ್ತಿಯ ಮೂಟೆಯೊಂದರಲ್ಲಿ ಅಡಗಿ, ಕೈಯಿಂದ ಕೈಗೆ ಹೋಗುತ್ತದೆ. ಕೊನೆಗೆ ಪತ್ತೇದಾರರ ಕೈಗೆ ಸಿಕ್ಕಿಬೀಳುವವನು ದಕ್ಷಿಣದ ಬಿಳಿಯ ಕರ್ನಲ್, ಕೊಲೆಗೆ ಹೊಣೆಗಾರ. ಎಡ್ ಮತ್ತು ಜೋನ್ಸ್ ಅವನೊಡನೆ ವ್ಯವಹಾರ ಕುದುರಿಸುತ್ತಾರೆ: 87,000 ಡಾಲರ್ ಕೊಡು, ಓಡಿಹೋಗಲು ಸಮಯ ಕೊಡುತ್ತೇವೆ. ಹಣ ಕುಟುಂಬಗಳಿಗೆ ಮರಳುತ್ತದೆ. ಕೊಲೆಗಾರ ತನ್ನ ರಾಜ್ಯ ಸೇರಿ ಸುರಕ್ಷಿತನಾಗುತ್ತಾನೆ.

ಇದು ಸರಿಯೇ? ತರಗತಿಯಲ್ಲಿ ಈ ಪ್ರಶ್ನೆ ಎತ್ತಿದಾಗ ವಿದ್ಯಾರ್ಥಿಗಳು ಎರಡು ಪಾಲಾಗುತ್ತಾರೆ. ಕಾನೂನಿನ ಲೆಕ್ಕದಲ್ಲಿ ಇದು ಲಂಚ. ಪೊಲೀಸನೊಬ್ಬ ಆರೋಪಿಯಿಂದ ಹಣ ಪಡೆದು ಬಿಟ್ಟ, ಅಷ್ಟೆ. ಆದರೆ ಕರ್ನಲ್‌ನನ್ನು ಹಿಡಿದಿದ್ದರೆ ಆಗುತ್ತಿದ್ದುದೇನು? ಕಪ್ಪುಜನರ ಸಾವಿಗಾಗಿ ಬಿಳಿಯನಿಗೆ ಶಿಕ್ಷೆ ಕೊಡುವ ಕೋರ್ಟನ್ನು ಆ ಇಬ್ಬರೂ ತಮ್ಮ ನೌಕರಿಯಲ್ಲಿ ಕಂಡಿಲ್ಲ. ಸಿಗದ ನ್ಯಾಯಕ್ಕೂ ಕೈಗೆಟಕುವ ಪರಿಹಾರಕ್ಕೂ ನಡುವೆ ಅವರು ಎರಡನೆಯದನ್ನು ಆರಿಸುತ್ತಾರೆ. ಕಳೆದುಕೊಂಡವರ ಕಡೆಯಿಂದ ನೋಡಿದರೆ ಅವರು ಹುಂಜ ಹುಡುಕಿಕೊಟ್ಟರು. ಸತ್ತವರ ಕಡೆಯಿಂದ ನೋಡಿದರೆ ಕೊಲೆಯನ್ನು ಮಾರಿಕೊಂಡರು. ಎರಡೂ ನಿಜ. ಕಾನೂನು ಎಲ್ಲರಿಗೂ ಸಮನಾಗಿ ಇಲ್ಲದ ಕಡೆ ಒಳ್ಳೆಯ ಪೊಲೀಸನೂ ಚೊಕ್ಕ ಕೈಯವನಾಗಿ ಉಳಿಯಲಾರ ಎನ್ನುವುದು ಹೈಮ್ಸ್ ಹೇಳುವ ಕಹಿ ಮಾತು. ನಾನು ಇದನ್ನು ಒಪ್ಪುತ್ತೇನೆ. ಆದರೆ ಆ ಕಹಿಯನ್ನೇ ಶೌರ್ಯವೆಂದು ಸವಿಯುವುದನ್ನು ಒಪ್ಪಲಾರೆ.

ಸವಿಯುವ ಮಾತು ಯಾಕೆಂದರೆ, ಎಡ್ ಮತ್ತು ಜೋನ್ಸ್ ಹೊಡೆಯುತ್ತಾರೆ. ಬಾಯಿ ಬಿಡಿಸಲು ಹೊಡೆಯುತ್ತಾರೆ, ಸಿಟ್ಟಿಗೆ ಹೊಡೆಯುತ್ತಾರೆ, ಹೆಂಗಸರನ್ನೂ ಬಿಡುವುದಿಲ್ಲ. ಓದುವಾಗ ನಮಗೆ ಒಂದು ಉಮೇದು ಬರುತ್ತದೆ. ನಮ್ಮ ಸಿನಿಮಾಗಳ ಖಡಕ್ ಇನ್‌ಸ್ಪೆಕ್ಟರ್ ಲಾಕಪ್ಪಿನಲ್ಲಿ ಲಾಠಿ ಎತ್ತಿದಾಗ ಥಿಯೇಟರಿನಲ್ಲಿ ಬೀಳುವ ಸೀಟಿಯಂಥ ಉಮೇದು. ಹೊಡೆಸಿಕೊಳ್ಳುವವನು ಯಾವ ಕೇರಿಯವನು ಎಂದು ಆಗ ಯಾರೂ ಕೇಳುವುದಿಲ್ಲ. ಹೊಡೆಯುವ ಕೈ ಕಪ್ಪಾದ ಮಾತ್ರಕ್ಕೆ ಬೆನ್ನಿನ ಬಾಸುಂಡೆ ಬೇರೆ ಬಣ್ಣದ್ದಾಗುವುದಿಲ್ಲ. ಹೈಮ್ಸ್‌ಗೆ ಇದು ಗೊತ್ತಿತ್ತು ಎನ್ನಲು ಅವರ ಕೊನೆಯ ಕಾದಂಬರಿಗಳೇ ಸಾಕ್ಷಿ. 1969ರ ‘ಬ್ಲೈಂಡ್ ಮ್ಯಾನ್ ವಿತ್ ಎ ಪಿಸ್ಟಲ್’ ಹೊತ್ತಿಗೆ ಇಬ್ಬರೂ ಯಾವ ಪ್ರಕರಣವನ್ನೂ ಬಗೆಹರಿಸಲಾರರು. ಮೇಲಿನವರು ತನಿಖೆ ಬೇಡವೆನ್ನುತ್ತಾರೆ, ಕೆಳಗಿನವರು ನಂಬುವುದಿಲ್ಲ. ಕೊನೆಯಲ್ಲಿ ಅವರು ಕೆಡವುತ್ತಿರುವ ಕಟ್ಟಡದಿಂದ ಹೊರಬರುವ ಇಲಿಗಳಿಗೆ ಗುಂಡು ಹೊಡೆಯುತ್ತ ನಿಂತಿರುತ್ತಾರೆ. ಆ ಬಳಿಕ ಅವರನ್ನಿಟ್ಟು ಬರೆಯಹೊರಟ ಇನ್ನೊಂದು ಕಾದಂಬರಿಯನ್ನು ಹೈಮ್ಸ್ ಮುಗಿಸಲೇ ಇಲ್ಲ.

ಈ ಸೋಲಿಗೆ ಕಾರಣ ಪತ್ತೇದಾರರ ಅಸಾಮರ್ಥ್ಯವಲ್ಲ. ಬಂಗಲೆಯ ಕೊಲೆಯಲ್ಲಿ ಸತ್ಯ ಅಡಗಿರುತ್ತದೆ. ಕೊನೆಯ ಅಧ್ಯಾಯದಲ್ಲಿ ಅದನ್ನು ಹೇಳಿದೊಡನೆ ಕಥೆ ಮುಗಿಯುತ್ತದೆ. ಕೇರಿಯ ಕೊಲೆಯಲ್ಲಿ ಸತ್ಯ ಅಡಗಿರುವುದಿಲ್ಲ, ಊರಿಗೆಲ್ಲ ಗೊತ್ತಿರುತ್ತದೆ. ದೇವನೂರರ ‘ಕುಸುಮಬಾಲೆ’ಯಲ್ಲಿ ಮೇಲ್ಜಾತಿಯ ಹೆಣ್ಣನ್ನು ಕೂಡಿದ ಚೆನ್ನನ ಕೊಲೆಗೆ ಪತ್ತೇದಾರನ ಅಗತ್ಯವೇ ಇಲ್ಲ. ಅಲ್ಲಿ ಮಂಚಕ್ಕೂ ಮಾತು ಬರುತ್ತದೆ. ಮಾತು ಬರದಿರುವುದು ಮನುಷ್ಯರಿಗೆ. 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ಕೋರ್ಟಿನಲ್ಲಿ ತಿರುಗಿದರು. 2006ರಲ್ಲಿ ಆರೋಪಿಗಳೆಲ್ಲರೂ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಏಳು ಜನ ಸತ್ತದ್ದು ನಿಜ, ಕೊಂದವರು ಮಾತ್ರ ಯಾರೂ ಇಲ್ಲ. ಎಷ್ಟು ಜಾಣನಾದ ಪತ್ತೇದಾರನೂ ಇದನ್ನು ಭೇದಿಸಲಾರ, ಯಾಕೆಂದರೆ ಇಲ್ಲಿ ಭೇದಿಸಬೇಕಾದ ರಹಸ್ಯವೇ ಇಲ್ಲ.

ಮೌನವೇ ತಪ್ಪು ಎಂದು ಇಲ್ಲಿ ತೀರ್ಪು ಕೊಡುವುದು ಸುಲಭ. ಅಂಕೋಲೆಯವನಾದ ನನಗೆ ಅಷ್ಟು ಸುಲಭವಲ್ಲ. 1930ರಲ್ಲಿ ಉಪ್ಪಿನ ಸತ್ಯಾಗ್ರಹ, 1932ರಲ್ಲಿ ಕರನಿರಾಕರಣೆ ನಡೆಸಿ ‘ಕರ್ನಾಟಕದ ಬಾರ್ಡೋಲಿ’ ಎನ್ನಿಸಿಕೊಂಡ ತಾಲ್ಲೂಕು ನಮ್ಮದು. ಜಮೀನು ಜಪ್ತಿಯಾದರೂ ಜನ ಬಗ್ಗಲಿಲ್ಲ. ಆ ದಿನಗಳ ಕಥೆ ಹೇಳುವ ಹಿರಿಯರ ಬಾಯಲ್ಲಿ ಪೊಲೀಸರಿಗೆ ಸುಳಿವು ಕೊಡದಿರುವುದು ಧರ್ಮವೇ ಆಗಿತ್ತು. ಅದೇ ಬಾಯಿ ಮುಚ್ಚುವಿಕೆ ಒಮ್ಮೆ ಸತ್ಯಾಗ್ರಹ, ಇನ್ನೊಮ್ಮೆ ಅನ್ಯಾಯದ ಕಾವಲು. ಎರಡನ್ನೂ ಬೇರ್ಪಡಿಸುವ ಗೆರೆ ಎಲ್ಲಿದೆ? ನನಗೆ ತೋಚುವ ಉತ್ತರ ಇದು: ಮೌನ ಯಾರನ್ನು ಕಾಯುತ್ತಿದೆ ಎಂದು ನೋಡಬೇಕು. ಬಲವಂತನ ಎದುರು ಬಲಹೀನನನ್ನು ಕಾಯುವ ಮೌನಕ್ಕೆ ಒಂದು ಬೆಲೆಯಿದೆ. ಬಲಹೀನನ ಹೆಣದ ಮೇಲೆ ಬಲವಂತನನ್ನು ಕಾಯುವ ಮೌನಕ್ಕೆ ಅದಿಲ್ಲ. ಕಂಬಾಲಪಲ್ಲಿಯಲ್ಲಿ ಭಯದಿಂದ ಮಾತು ತಿರುಗಿಸಿದವರನ್ನು ದೂರುವ ಮೊದಲು, ಮಾತಾಡಿದ ಮೇಲೂ ಅದೇ ಊರಲ್ಲಿ ಬದುಕುವ ಭರವಸೆಯನ್ನು ಅವರಿಗೆ ಯಾರು ಕೊಟ್ಟಿದ್ದರು ಎಂದೂ ಕೇಳಬೇಕು.

ಕಡಲೆಕಾಯಿ ಮೂಟೆಗೆ ಬೆಳಗಾಗುವಷ್ಟರಲ್ಲಿ ಪೊಲೀಸರು ಬಂದರು. ನಮ್ಮ ಬೇಲೆಕೇರಿಯ ಬಂದರಿನಲ್ಲಿ 2010ರಲ್ಲಿ ಕಾಣೆಯಾದದ್ದು ಮೂಟೆಯಲ್ಲ, ಅರಣ್ಯ ಇಲಾಖೆ ವಶಪಡಿಸಿಕೊಂಡು ಇಟ್ಟಿದ್ದ ಲಕ್ಷಾಂತರ ಟನ್ ಅದಿರು. ಅದು ಜೇಬಿನಲ್ಲಿ ಹಾಕಿಕೊಂಡು ಹೋಗುವ ವಸ್ತುವಲ್ಲ. ಲಾರಿ ಬೇಕು, ಹಡಗು ಬೇಕು, ಕಾಗದಪತ್ರ ಬೇಕು. ಪ್ರಕರಣದ ಬೆನ್ನುಹತ್ತಿದ ಅರಣ್ಯಾಧಿಕಾರಿಯ ಅಮಾನತಿಗೆ ಸರ್ಕಾರ ಹೊರಟಾಗ, ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆ ಪ್ರತಿಭಟಿಸಿ ರಾಜೀನಾಮೆ ಕೊಟ್ಟರು, ನಂತರ ಹಿಂಪಡೆದರು. ಬೆಂಗಳೂರಿನ ವಿಶೇಷ ನ್ಯಾಯಾಲಯ ಕಾರವಾರದ ಶಾಸಕರೂ ಸೇರಿ ಹಲವರನ್ನು ತಪ್ಪಿತಸ್ಥರೆಂದು ಹೇಳಿದ್ದು 2024ರ ಅಕ್ಟೋಬರ್‌ನಲ್ಲಿ, ಹದಿನಾಲ್ಕು ವರ್ಷಗಳ ಮೇಲೆ. ಮುಂದಿನ ತಿಂಗಳೇ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಕೊನೆಯ ತೀರ್ಪು ಏನಾದರೂ ಆಗಲಿ, ನನ್ನ ಗಮನ ಇರುವುದು ಹುಡುಕಾಟದ ವೇಗದ ಮೇಲೆ. ಕಳೆದ ವಸ್ತುವಿನ ತೂಕಕ್ಕೂ ಹುಡುಕುವ ಅವಸರಕ್ಕೂ ಸಂಬಂಧವಿಲ್ಲ. ಕದ್ದವರು ಯಾರಿರಬಹುದು ಎಂಬ ಊಹೆಗೂ ಆ ಅವಸರಕ್ಕೂ ಸಂಬಂಧವಿದೆ.

ಅದೇ 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ನಡೆದ ದಾಳಿಗಾಗಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪ್ರಕರಣ ಮೇಲ್ಮನವಿಗೆ ಹೋಗಿದೆ. ಆದರೂ ಅದು ಒಂದು ವಿಷಯವನ್ನು ಸಾಬೀತುಪಡಿಸಿತು: ಮನಸ್ಸು ಮಾಡಿದರೆ ಕೇರಿಗಾಗಿಯೂ ಹುಡುಕಬಹುದು, ಸಾಕ್ಷಿ ನಿಲ್ಲಿಸಬಹುದು, ಹೆಸರು ಹಿಡಿದು ಹೇಳಬಹುದು.

ಹಾಗಾದರೆ ಕೇರಿಗೆ ಕೇರಿಯವನೇ ಪತ್ತೇದಾರನಾಗಬೇಕೇ? ವಾಲ್ಟರ್ ಮೋಸ್ಲಿಯ ಈಜಿ ರಾಲಿನ್ಸ್ 1990ರಲ್ಲಿ ಕಾದಂಬರಿಗೆ ಬಂದ. ಕಾರ್ಖಾನೆಯ ಕೆಲಸ ಕಳೆದುಕೊಂಡು, ಮನೆಯ ಸಾಲದ ಕಂತು ಕಟ್ಟಲು ಪತ್ತೇದಾರನಾದವನು. ಬಿಳಿಯನೊಬ್ಬ ಅವನಿಗೆ ಹಣ ಕೊಡುವುದು, ತಾನು ಕಾಲಿಡಲಾರದ ಕಪ್ಪುಜನರ ಬಾರುಗಳಿಗೆ ಇವನು ಹೋಗಬಲ್ಲನೆಂದು. ಅವನ ಕೇರಿಯೇ ಅವನ ಅರ್ಹತೆ. ಬಾರ್ಬರಾ ನೀಲಿಯ ಬ್ಲಾಂಚ್ ಮನೆಗೆಲಸದವಳು. ಆಳನ್ನು ಯಾರೂ ಗಮನಿಸುವುದಿಲ್ಲವಾದ್ದರಿಂದ ಅವಳಿಗೆ ಎಲ್ಲವೂ ಕಾಣುತ್ತದೆ. ಬ್ಲಾಂಚ್‌ಳನ್ನು ಓದುವಾಗ ನಮ್ಮ ಕಡೆಯ ಹಿತ್ತಿಲು ನೆನಪಾಗುತ್ತದೆ. ಮನೆಯ ನಿಜ ಕಾಣುವುದು ಮುಂಬಾಗಿಲಿನಿಂದಲ್ಲ. ಅಂಕೋಲೆಯ ಹಿತ್ತಿಲುಗಳಲ್ಲಿ ನಿಂತ ಹೆಂಗಸರು ಬರೆದರೆ ಎಂಥೆಂಥ ಪ್ರಕರಣಗಳು ಬಿಚ್ಚಿಕೊಳ್ಳಬಹುದು! ಅಧಿಕಾರದ ಬ್ಯಾಡ್ಜ್ ಇಲ್ಲದೆಯೂ ತನ್ನವರನ್ನು ತಿದ್ದಬಹುದು ಎಂಬುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ. ಬಡಗೇರಿಯ ಸುಕ್ರಿ ಬೊಮ್ಮಗೌಡ ಹಾಡಿಗೆ ಎಷ್ಟು ಹೆಸರಾದರೋ ಸಾರಾಯಿಯ ವಿರುದ್ಧ ನಿಂತದ್ದಕ್ಕೂ ಅಷ್ಟೇ ಹೆಸರಾದರು. ಅವರ ಮಾತನ್ನು ಕೊಪ್ಪದವರು ಕೇಳಿದ್ದು ಅವರ ಕೈಯಲ್ಲಿ ಲಾಠಿ ಇತ್ತೆಂದಲ್ಲ.

ಆದರೂ ‘ಕೇರಿಗೆ ಕೇರಿಯವನೇ’ ಎಂಬ ಮಾತಿನಲ್ಲಿ ಒಂದು ಮೋಸವಿದೆ. 1948ರಲ್ಲಿ ಅಟ್ಲಾಂಟಾ ನಗರ ಮೊದಲ ಬಾರಿಗೆ ಎಂಟು ಜನ ಕಪ್ಪು ಪೊಲೀಸರನ್ನು ನೇಮಿಸಿತು. ಅವರಿಗೆ ಬಿಳಿಯರನ್ನು ಬಂಧಿಸುವ ಅಧಿಕಾರವಿರಲಿಲ್ಲ. ಪೊಲೀಸ್ ಠಾಣೆಯಲ್ಲಿ ಜಾಗ ಕೊಡದೆ ಕಪ್ಪುಜನರ ವೈಎಂಸಿಎ ಕಟ್ಟಡದ ನೆಲಮಾಳಿಗೆಯಲ್ಲಿ ಕೂರಿಸಿದ್ದರು. ನಿಮ್ಮವರನ್ನು ನೀವೇ ನೋಡಿಕೊಳ್ಳಿ ಎನ್ನುವುದು ಸ್ವಾಯತ್ತತೆಯಂತೆ ಕೇಳಿಸುತ್ತದೆ. ಅದು ಪ್ರತ್ಯೇಕತೆಗೆ ತೊಡಿಸಿದ ಸಮವಸ್ತ್ರ. ನನ್ನ ಅಣ್ಣನನ್ನು ಕೇರಿಯ ಜಗಳಕ್ಕೆ ಮುಂದೆ ಕಳಿಸುವಾಗ ನಡೆಯುವುದೂ ಇದೇ. ಅವನನ್ನು ದ್ರೋಹಿಯೋ ರಕ್ಷಕನೋ ಎಂದು ನಾವು ಅಳೆಯುತ್ತ ಕೂರುತ್ತೇವೆ. ಅವನೊಬ್ಬನ ಹೆಗಲಿಗೆ ಆ ಭಾರ ಹೊರಿಸಿದ ಉಳಿದವರನ್ನು ಅಳೆಯುವುದೇ ಇಲ್ಲ.

ನಮ್ಮ ಕಾನೂನು ಈ ವಿಷಯದಲ್ಲಿ ನಮ್ಮ ರೂಢಿಗಿಂತ ಮುಂದಿದೆ. 1989ರ ದೌರ್ಜನ್ಯ ತಡೆ ಕಾಯ್ದೆಯಡಿ 1995ರಲ್ಲಿ ಬಂದ ನಿಯಮಗಳ ಪ್ರಕಾರ ಇಂಥ ಪ್ರಕರಣಗಳನ್ನು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ತನಿಖೆ ಮಾಡುವವರು ಯಾವ ಜಾತಿಯವರಾಗಿರಬೇಕೆಂದು ಆ ನಿಯಮ ಹೇಳುವುದಿಲ್ಲ, ಅವರ ದರ್ಜೆ ಎಷ್ಟಿರಬೇಕೆಂದು ಹೇಳುತ್ತದೆ. ಕೇರಿಯವರ ಮೇಲಾದ ಅನ್ಯಾಯಕ್ಕೆ ಸರ್ಕಾರ ಹಿರಿಯ ಅಧಿಕಾರಿಯನ್ನೇ ಕಳಿಸಬೇಕು ಎನ್ನುವ ಈ ಒಣ ನಿಯಮದಲ್ಲಿ ನನಗೆ ಒಂದು ನೀತಿ ಕಾಣುತ್ತದೆ. ಒಬ್ಬರಿಗಾಗಿ ಹುಡುಕುವುದೆಂದರೆ ಅವರ ನಷ್ಟ ನಮ್ಮೆಲ್ಲರ ಲೆಕ್ಕಕ್ಕೆ ಸೇರಿದ್ದೆಂದು ಒಪ್ಪುವುದು. ಆ ಒಪ್ಪಿಗೆಯನ್ನು ಕೇರಿಯ ಒಬ್ಬ ಹುಡುಗನಿಗೆ ಗುತ್ತಿಗೆ ಕೊಟ್ಟು ಕೈತೊಳೆದುಕೊಳ್ಳಲಾಗದು.

ಕನ್ನಡದಲ್ಲಿ ಕೇರಿಯ ಪತ್ತೇದಾರನೊಬ್ಬ ಬರಲಿ ಎಂದು ನಾನು ಕಾಯುತ್ತಿದ್ದೇನೆ. ಅವನೋ ಅವಳೋ ಕಾರವಾರದ ಕೋರ್ಟಿನ ಮೆಟ್ಟಿಲು ಹತ್ತಲಿ, ಬಾಗಿಲು ತೆರೆಯದ ಮನೆಗಳ ಮುಂದೆ ನಿಲ್ಲಲಿ, ಹಿತ್ತಿಲಿನಲ್ಲಿ ಕಂಡದ್ದನ್ನು ಹೇಳಲಿ. ಆದರೆ ಆ ಕಾದಂಬರಿಯಲ್ಲಿ ಇನ್ನೊಂದು ಪಾತ್ರವೂ ಇರಲಿ ಎಂಬುದು ನನ್ನ ಆಸೆ. ಎತ್ತಪ್ಪನ ಮೂಟೆಗಾಗಿ ಬಂದ ಪೊಲೀಸರಲ್ಲಿ ಒಬ್ಬನಾದರೂ, ಅವನು ಯಾವ ಕೇರಿಯವನೇ ಆಗಿರಲಿ, ಹೊರಡುವ ಮುಂಚೆ ನಿಂತು, ಅಜ್ಜೀ, ನಿನ್ನ ಹುಂಜ ಯಾವಾಗಿನಿಂದ ಕಾಣಿಸುತ್ತಿಲ್ಲ ಎಂದು ಕೇಳಲಿ. ಕೇಳಿ ಅದನ್ನು ಬರೆದುಕೊಳ್ಳಲಿ.